ಏಕಾದಶಿಗೆ ಒಲಿದ ಮೋಟಾರು

ಬೆಳಿಗ್ಗೆ ಎದುರುಮನೆಯ ಡಾಕ್ಟರರು ಕಾರಿನ ಕೀಲಿ ತಿರುಗಿಸಿದ ಕೂಡಲೇ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಎಣಿಸಲು ಶುರುಮಾಡುತ್ತದೆ. ನಾನು ಹಲ್ಲುಜ್ಜುತ್ತಿರಲಿ, ಸಂಧ್ಯಾವಂದನೆಗೆ ಕೂತಿರಲಿ, ಅತ್ತ ಕಾರು ಕುಂಯ್ ಕುಂಯ್ ಎಂದು ನರಳಿತೆಂದರೆ ಇತ್ತ ಒಂದು, ಎರಡು, ಮೂರು. ಮೊನ್ನೆ ಹದಿನಾಲ್ಕಕ್ಕೆ ಹತ್ತಿಕೊಂಡಿತು. ಒಳಗಿನಿಂದ ನನ್ನ ಹೆಂಡತಿ, "ಕೇಶವಾಯ ಸ್ವಾಹಾ ಆದಮ್ಯಾಲೆ ಹದಿನಾಲ್ಕು ಅನ್ನೂದು ಯಾವ ಶಾಸ್ತ್ರದಾಗ ಬರ್ತದ?" ಎಂದು ಕೇಳಿದಳು. ನಾನು ಆಚಮನ ಮುಂದುವರಿಸಿದೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿಲ್ಲ ಎಂಬುದಾದರೂ ಗೊತ್ತಿರುತ್ತದೆ.

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಇದು. ಹತ್ತಲು ಸತಾಯಿಸುವ ಗಾಡಿ ಎಲ್ಲಿ ಕಂಡರೂ ನಿಂತು ಎಣಿಸುತ್ತೇನೆ. ಡಾಕ್ಟರರಿಂದ ಬಾನೆಟ್ಟು ಎತ್ತಿಸಿ ನಾಲ್ಕು ಮಾತು ಹೇಳೋಣವೆಂದು ನಾಲಿಗೆ ತುರಿಸುವುದೂ ಉಂಟು. ಆದರೆ ಹೋಗುವುದಿಲ್ಲ. ನನ್ನ ಜನ್ಮದಲ್ಲಿ ನಾನು ರೋಗ ಹುಡುಕಲು ಹೊರಟದ್ದು ಒಂದೇ ಒಂದು ಮೋಟಾರಿಗೆ. ಅದರಿಂದ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಈ ಕಥೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನೀವು ನಮ್ಮವರು, ನಕ್ಕರೂ ಬಾಯಿಗೆ ಕೈ ಅಡ್ಡ ಹಿಡಿದು ನಗುವವರು, ಅದಕ್ಕೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ಎರಡು ಮೂರು ವರ್ಷ ಹಿಂದಿನ ಮಾತು. ನಾವು ಹಾನಗಲ್ಲಿನಲ್ಲಿದ್ದೆವು. ಅಪ್ಪ ವಕೀಲರು. ಹಾವೇರಿಯ ಕೋರ್ಟಿಗೆ ಬಸ್ಸಿನಲ್ಲಿ ಓಡಾಡಿ, ಕೋಟಿನ ಕರಿಬಣ್ಣವೆಲ್ಲ ಕೆಂಪುಮಣ್ಣಿನದಾದ ಮೇಲೆ, ಧಾರವಾಡದ ಒಬ್ಬ ನಿವೃತ್ತ ಸಾಹೇಬರ ಹಳೆಯ ಮೋಟಾರು ಕೊಂಡು ತಂದರು. ಆಗ ಯಾರೂ ಕಾರು ಅನ್ನುತ್ತಿರಲಿಲ್ಲ. ಮೇಲೆ ಮಡಚುವ ಕ್ಯಾನ್ವಾಸಿನ ಹೊದಿಕೆ, ಎರಡೂ ಮಗ್ಗುಲಿಗೆ ಕಾಲಿಟ್ಟು ಹತ್ತುವ ಹಲಗೆ, ಒಳಗೆ ಕಂದು ಬಣ್ಣದ ಚರ್ಮದ ಸೀಟು. ಸೆಲ್ಫ್ ಎಂಬ ಹೆಸರಿನ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲವಾದ್ದರಿಂದ ಬಂದ ಮಕ್ಕಳೆಲ್ಲ ಧೈರ್ಯವಾಗಿ ಒತ್ತುತ್ತಿದ್ದರು. ಗಾಡಿ ಹತ್ತಬೇಕಾದರೆ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಬೇಕು.

ತಿರುವಲು ಮೌಲಾಸಾಬ ಬಂದ. ಮೊದಲು ಅವನು ಯಲವಿಗಿ ಸ್ಟೇಶನ್ನಿನಿಂದ ಸವಣೂರಿಗೆ ಟಾಂಗಾ ಹೊಡೆಯುತ್ತಿದ್ದ. ಬಸ್ಸು ಬಂದಮೇಲೆ ಟಾಂಗಾಕ್ಕೆ ಜನ ಕಡಿಮೆಯಾಗಿ, ಕುದುರೆ ಮಾರಿ, ಹುಬ್ಬಳ್ಳಿಯಲ್ಲಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಮೋಟಾರು ಕಲಿತಿದ್ದ. ನಲವತ್ತೈದು ದಾಟಿದ ಆಳು, ಎಲುಬುಗಟ್ಟಿ ಮೈ, ಮಾತು ಕಡಿಮೆ. ನನಗಿಂತ ಎರಡು ಪಟ್ಟು ವಯಸ್ಸಿನವನನ್ನು ಆಗಿನ ರೂಢಿಯಂತೆ ನಾನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ನಾನು ಇಂಟರ್ ಸೈನ್ಸಿನಲ್ಲಿ ನಪಾಸಾಗಿ, ಅಕ್ಟೋಬರದ ಪರೀಕ್ಷೆಗೆ ಓದುತ್ತೇನೆಂದು ಸುಳ್ಳು ಹೇಳಿಕೊಂಡು ಮನೆಯಲ್ಲಿದ್ದೆ. ಧಾರವಾಡದ ಹಳೆಯ ಪುಸ್ತಕದಂಗಡಿಯಲ್ಲಿ ಮೋಟಾರಿನ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅದರ ಮೊದಲಿನ ಇಪ್ಪತ್ತು ಪುಟಗಳನ್ನು ಯಾರೋ ಪುಣ್ಯಾತ್ಮರು ಶೇಂಗಾ ಕಟ್ಟಲು ಹರಿದಿದ್ದರು. ಹೀಗಾಗಿ ನನ್ನ ಮೋಟಾರಿನ ಜ್ಞಾನ ಇಪ್ಪತ್ತೊಂದನೆಯ ಪುಟದಿಂದ ಶುರುವಾಗುತ್ತಿತ್ತು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಮಗ ಸೈನ್ಸು ಓದಿದವನೆಂಬ ನಂಬಿಕೆ ಅವರಿಗಿನ್ನೂ ಇತ್ತು.

ಇನ್ನು ಅಜ್ಜಿ. ಅಪ್ಪನ ಅವ್ವ. ಮಡಿ ಎಂದರೆ ಅಜ್ಜಿ, ಅಜ್ಜಿ ಎಂದರೆ ಮಡಿ. ತಾನೇ ಒದ್ದೆ ಸೀರೆಯಲ್ಲಿ ಬಾವಿಯಿಂದ ಸೇದಿದ ನೀರನ್ನಲ್ಲದೆ ಬೇರೆ ನೀರನ್ನು ಕುಡಿಯುತ್ತಿರಲಿಲ್ಲ. ಸವಣೂರಿನಲ್ಲಿ ಅವಳ ತಂಗಿ ಸುಬ್ಬಜ್ಜಿ ಇದ್ದಳು, ಕಣ್ಣು ಪೂರ್ತಿ ಹೋಗಿದ್ದವು. ಚಕ್ಕಡಿಯಲ್ಲಿ ಅಲ್ಲಿಗೆ ಹೋಗಿಬರುವುದು ಎರಡು ಮೂರು ದಿನದ ಕೆಲಸವಾದ್ದರಿಂದ ಅಕ್ಕತಂಗಿಯರು ವರ್ಷಕ್ಕೊಮ್ಮೆ ಭೆಟ್ಟಿಯಾದರೆ ಹೆಚ್ಚು. ಮೋಟಾರು ಬಂದಮೇಲೆ ಅಜ್ಜಿ ಹದಿನೈದು ದಿನಕ್ಕೊಮ್ಮೆ ಹೊರಟಳು. ಬೆಳಿಗ್ಗೆ ಹೋಗಿ, ತಂಗಿಯ ತಲೆಗೆ ಎಣ್ಣೆ ಹಚ್ಚಿ, ಅಡಿಗೆ ಮಾಡಿ ಬಡಿಸಿ, ಹೊತ್ತು ಮುಳುಗುವುದರೊಳಗೆ ಮನೆ. ಜತೆಗೆ ನಾನು.

ಮೊದಲ ದಿನ ಅಜ್ಜಿ ಗಾಡಿಯೊಳಗೆ ಬಗ್ಗಿ ನೋಡಿ, "ಇದು ಯಾವುದರ ತೊಗಲೋ?" ಎಂದು ಅಪ್ಪನನ್ನು ಕೇಳಿದಳು.

"ವಿಲಾಯತಿದವ್ವಾ," ಅಂದರು ಅಪ್ಪ. ವಕೀಲರ ಉತ್ತರ.

"ವಿಲಾಯತಿಯೊಳಗೂ ದನಕ್ಕೇ ತೊಗಲು ಇರ್ತದ," ಎಂದು ಅಜ್ಜಿ ಒಳಗೆ ಹೋಗಿ ಒಂದು ಮಣೆ, ಅದರ ಮೇಲೆ ಹಾಸಲು ಉಣ್ಣೆಯ ಧಾಬಳಿ ತಂದಳು. ಹಿಂದಿನ ಸೀಟಿನ ಮೇಲೆ ಮಣೆ, ಮಣೆಯ ಮೇಲೆ ಧಾಬಳಿ, ಧಾಬಳಿಯ ಮೇಲೆ ಅಜ್ಜಿ. ಆ ಮೂಲೆಗೆ ಒತ್ತಿಕೊಂಡು, ಸೆರಗಿಗೂ ತಾಗದಂತೆ, ನಾನು. ಅಜ್ಜಿಯ ವ್ಯವಸ್ಥೆಯಾಯಿತು, ಆದರೆ ನೀರಿನದಾಗಲಿಲ್ಲ. ಪ್ರಯಾಣಕ್ಕೆಂದೇ ಅವಳ ಹತ್ತಿರ ತಾಮ್ರದ ದೊಡ್ಡ ಫಿರಕಿ ತಂಬಿಗೆಯಿತ್ತು. ತಿರುಪಿ ಮುಚ್ಚುವ ಮುಚ್ಚಳ, ಮೇಲೆ ಕಮಾನಿನಂಥ ಹಿಡಿಕೆ. ಅದನ್ನು ಸೀಟಿನ ಮೇಲಿಟ್ಟರೆ ತೊಗಲು, ಕೆಳಗಿಟ್ಟರೆ ಚಪ್ಪಲಿಯ ಧೂಳು, ಕೈಯಲ್ಲಿ ಹಿಡಿದರೆ ಜಪಕ್ಕೆ ಅಡ್ಡಿ. ಅಜ್ಜಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. ಮುಂದಿನ ಎಡಗಡೆಯ ಸೀಟಿನೆದುರು, ಹಲಗೆಯ ಕೆಳಗೆ, ದಪ್ಪ ತಂತಿಯ ತುದಿಗೆ ಒಂದು ಹಿತ್ತಾಳೆಯ ಬಳೆ ಜೋತುಬಿದ್ದಿತ್ತು. ಮೂಲದ ಯಾವುದೋ ಗುಂಡಿ ಮುರಿದದ್ದಕ್ಕೆ ಹುಬ್ಬಳ್ಳಿಯ ಮಿಸ್ತ್ರಿ ಮಾಡಿಕೊಟ್ಟ ಬದಲಿ ಅದು. ಹಿತ್ತಾಳೆಗೆ ಮೈಲಿಗೆಯಿಲ್ಲ. ಅಜ್ಜಿ ಹುಣಸೆಹಣ್ಣು ಹಚ್ಚಿ ಅದನ್ನು ತೊಳೆದು ತಂಬಿಗೆಯನ್ನು ನೇತುಹಾಕಿದಳು. ಆ ಬಳೆ ಏತಕ್ಕಿದೆ ಎಂದು ನಾನು ವಿಚಾರ ಮಾಡಲಿಲ್ಲ. ಅದು ಬಹುಶಃ ಮೊದಲಿನ ಇಪ್ಪತ್ತು ಪುಟಗಳಲ್ಲಿ ಇದ್ದೀತು.

ಅಂದಿನಿಂದ ಮುಂದಿನ ಎಡಗಡೆಯ ಸೀಟು ತಂಬಿಗೆಗೆ ಮೀಸಲಾಯಿತು. ದಾರಿಯಲ್ಲಿ ಕಂಡವರು, ವಕೀಲರ ಮೋಟಾರಿನಲ್ಲಿ ಮಗ ಹಿಂದೆ ಮುದುಡಿಕೊಂಡು ಕೂತು ಮುಂದಿನ ಗಾದಿ ಖಾಲಿ ಇರುವುದನ್ನು ನೋಡಿ ಏನು ತಿಳಿದುಕೊಂಡರೋ. ಆ ಸೀಟಿನಲ್ಲಿ ತಂಬಿಗೆ ಸಾಹೇಬರು ಇದ್ದದ್ದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಎರಡನೆಯ ಸಲ ಹೋಗುವಾಗ ಒಂದು ಪ್ರಸಂಗ ನಡೆಯಿತು. ಊರು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಎದುರಿಗೆ ದನದ ಹಿಂಡು ಬಂದು ಗಾಡಿ ನಿಂತಿತು. ಮೌಲಾಸಾಬ ಆ ಹೊತ್ತಿನಲ್ಲಿ ಅರಿವೆಯಿಂದ ಮುಂದಿನ ಹಲಗೆಯ ಧೂಳು ಒರೆಸಿದ. ಅವನ ಬೆರಳು ತಂಬಿಗೆಗೆ ತಗುಲಿತು. ಅಜ್ಜಿ ಬೈಯಲಿಲ್ಲ. ಇಳಿದು ಬಂದಳು, ತಂಬಿಗೆ ತೆಗೆದಳು, ಫಿರಕಿ ಬಿಚ್ಚಿದಳು, ನೀರನ್ನೆಲ್ಲ ಬೇವಿನ ಗಿಡದ ಬುಡಕ್ಕೆ ಚೆಲ್ಲಿದಳು. ಬಂಕಾಪುರದಲ್ಲಿ ನಮ್ಮವರದೇ ಮನೆಯಿದೆ, ನೀರು ತರುತ್ತೇನೆಂದು ನಾನು ಅಂದೆ. ಅವರ ಮಡಿ ತನಗೆ ಗೊತ್ತಿದೆ ಅಂದಳು. ಚೈತ್ರದ ಬಿಸಿಲು. ಸವಣೂರು ಮುಟ್ಟುವಷ್ಟರಲ್ಲಿ ಅಜ್ಜಿಯ ಬಾಯಲ್ಲಿ ಜಪದ ಸದ್ದು ನಿಂತಿತ್ತು. ಸುಬ್ಬಜ್ಜಿಯ ಸೊಸೆ ರಟ್ಟೆ ಹಿಡಿದು ಇಳಿಸಿಕೊಳ್ಳಬೇಕಾಯಿತು. ನಾನು ಆ ಸಂಗತಿಯನ್ನು ಮನೆಯಲ್ಲಿ ಅಜ್ಜಿಯ ಮಡಿಯ ತಮಾಷೆಯೆಂದು ಹೇಳಿ ನಗಿಸಿದೆ.

ಈಗ ರೋಗಕ್ಕೆ ಬರೋಣ. ದಾರಿಯಲ್ಲಿ ಶಿಗ್ಗಾಂವಿಯ ಒಂದು ಅಂಗಡಿಯಲ್ಲಿ ಡಬ್ಬಿಯ ಪೆಟ್ರೋಲ್ ಸಿಗುತ್ತಿತ್ತು. ಅಲ್ಲಿ ನಿಂತು, ಯಂತ್ರ ಬಂದ್ ಮಾಡಿ, ಪೆಟ್ರೋಲ್ ಹಾಕಿಸಿಕೊಂಡು ಮತ್ತೆ ಹೊರಡಬೇಕು. ಹೊರಡುವುದೇ ತಡ, ಮೋಟಾರು ಹಟ ಹಿಡಿಯುತ್ತಿತ್ತು. ಹಾನಗಲ್ಲಿನಿಂದ ಬೆಳಿಗ್ಗೆ ಎರಡೇ ಸುತ್ತಿಗೆ ಹತ್ತಿದ್ದ ಗಾಡಿಗೆ ಇಲ್ಲಿ ಮೌಲಾಸಾಬ ಇಪ್ಪತ್ತು ಸುತ್ತು ಹಾಕಬೇಕು, ಮೂವತ್ತು ಹಾಕಬೇಕು. ಬೆವರು ಮೂಗಿನ ತುದಿಯಿಂದ ಹನಿಯಬೇಕು. ಕಡೆಗೆ ಕರೀ ಹೊಗೆ ಕಾರಿ, ಕೆಮ್ಮಿ, ಹತ್ತಿಕೊಳ್ಳುತ್ತಿತ್ತು. ಸಂಜೆ ಹೊಳ್ಳಿ ಬರುವಾಗ ಮಾತ್ರ ಎಲ್ಲಿ ನಿಲ್ಲಿಸಿದರೂ ಒಂದೆರಡು ಸುತ್ತಿಗೆ ತಯಾರು. ನನ್ನ ಎಣಿಸುವ ಚಟ ಹುಟ್ಟಿದ್ದು ಆ ಅಂಗಡಿಯ ಮುಂದೆ.

ಇದರಿಂದ ಸವಣೂರು ಮುಟ್ಟಲು ತಡವಾಗತೊಡಗಿತು. ಅಜ್ಜಿ ಹೋಗಿ ಅಡಿಗೆ ಮಾಡುವವರೆಗೆ ಸುಬ್ಬಜ್ಜಿ ಬಾಯಲ್ಲಿ ನೀರು ಹಾಕುತ್ತಿರಲಿಲ್ಲ. ಕಣ್ಣಿಲ್ಲದ ಮುದುಕಿ ಮಧ್ಯಾಹ್ನ ಎರಡರವರೆಗೆ ಉಪವಾಸ. ಅಜ್ಜಿ ಅಪ್ಪನ ಮುಂದೆ ದೂರಿದಳು: "ನಿನ್ನ ಡ್ರೈವರ ಶಿಗ್ಗಾಂವಿಯೊಳಗ ಅರ್ಧ ತಾಸು ಗಾಡಿ ತಿರುವಿಕೋತ ನಿಂದರ್ತಾನ. ಸುಬ್ಬಿ ಹಸಗೊಂಡು ಕೂತಿರ್ತಾಳ."

ಅಪ್ಪನಿಗೆ ಆಶ್ಚರ್ಯ. "ನನ್ನ ಜೋಡಿ ಹಾವೇರಿಗೆ ಬರುವಾಗ ಇಲ್ಲದ ರೋಗ ನಿಮ್ಮ ಜೋಡಿ ಬರುವಾಗ ಯಾಕ ಬರ್ತದ?" ಅಂದು ನನ್ನ ಕಡೆ ತಿರುಗಿದರು. "ಶೀನ್ಯಾ, ನೀ ಸೈನ್ಸ್ ಓದಿದವ. ಹುಡುಕು."

ನಾನು ಹುಡುಕಿದೆ. ಮೊದಲು ಪ್ಲಗ್ಗುಗಳನ್ನು ಬಿಚ್ಚಿದೆ. ಒಲೆಯ ಮೇಲಿನ ಪಾತ್ರೆಯ ತಳದಷ್ಟು ಕಪ್ಪಾಗಿದ್ದವು. ಪುಸ್ತಕದಲ್ಲಿ, ಹೀಗಿದ್ದರೆ ಪೆಟ್ರೋಲ್ ಹೆಚ್ಚಾಯಿತು ಇಲ್ಲವೇ ಗಾಳಿ ಕಡಿಮೆಯಾಯಿತು ಎಂದು ಸ್ಪಷ್ಟವಾಗಿ ಬರೆದಿತ್ತು. ಗಾಳಿ ಬಿಟ್ಟಿ ಸಿಗುವುದು, ಅದು ಕಡಿಮೆಯಾಗುವುದೆಂದರೇನು ಎಂದು ನಾನು ಆ ಅರ್ಧವನ್ನು ಬಿಟ್ಟುಬಿಟ್ಟೆ. ಪೆಟ್ರೋಲಿನಲ್ಲೇ ಕಸವಿದೆ ಎಂದು ತೀರ್ಮಾನಿಸಿ, ಅಪ್ಪನ ಹಳೆಯ ಧೋತರದಲ್ಲಿ ಸೋಸಿದೆ. ಕಸ ಬರಲಿಲ್ಲ, ಆದರೆ ಧೋತರವನ್ನು ಯಾರೂ ಒಲೆಯ ಹತ್ತಿರ ತರದಂತೆ ಮನೆಯಲ್ಲಿ ಎರಡು ದಿನ ಪಹರೆ ಬಿತ್ತು. ಆಮೇಲೆ ಕಿಡಿ ಹುಟ್ಟಿಸುವ ಕಾಯಿಲ್ ಎಂಬ ಸುರುಳಿಗೆ ತಂಡಿ ಹಿಡಿದಿದೆಯೆಂದು ಅದನ್ನು ಬಿಚ್ಚಿ ಮಾಳಿಗೆಯ ಮೇಲೆ ಒಣಗಿಸಿದೆ, ಅವ್ವ ಹಾಕಿದ ಸಂಡಿಗೆಯ ಪಕ್ಕದಲ್ಲಿ. ಆ ವರ್ಷದ ಸಂಡಿಗೆಗೆ ಒಂದು ಬಗೆಯ ಎಂಜಿನ್ನಿನ ವಾಸನೆಯಿತ್ತೆಂದು ಬೀಗರು ಬಹಳ ದಿನ ಹೇಳುತ್ತಿದ್ದರು.

ಮೌಲಾಸಾಬ ಇದನ್ನೆಲ್ಲ ಕೈಕಟ್ಟಿ ನೋಡುತ್ತಿದ್ದ. ನಾನು ಬಿಚ್ಚಿದ್ದನ್ನು ನನ್ನ ಹಿಂದೆಯೇ ಸರಿಯಾಗಿ ಜೋಡಿಸುತ್ತಿದ್ದ. "ಏನು ಅನಸ್ತದ ನಿನಗ?" ಎಂದು ಒಮ್ಮೆ ಕೇಳಿದೆ.

"ನೀವು ಓದಿದವ್ರು ನೋಡಾಕತ್ತೀರಲ್ರಿ, ಸಣ್ಣರಾಯರ," ಅಂದ.

ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ.

ಇದೇ ದಿನಗಳಲ್ಲಿ ಅಕ್ಕಿಆಲೂರಿನ ಚನ್ನಬಸಪ್ಪ ಬಂದರು. ಅವರು ಅಪ್ಪನ ಕಕ್ಷಿದಾರರು, ಅಕ್ಕಿಯ ಗಿರಣಿಯುಳ್ಳವರು. ಗಿರಣಿಯಲ್ಲಿ ಎಣ್ಣೆಯ ಎಂಜಿನ್ ಇದ್ದುದರಿಂದ ಅವರ ಮಾತಿಗೆ ನಮ್ಮಲ್ಲಿ ತೂಕ. ಅವರು ಮೋಟಾರಿನ ಹಲ್ಲು ನೋಡುವವರಂತೆ ಮುಂದೆ ಬಗ್ಗಿದರು, ಹಿಂದೆ ಹೋಗಿ ಬೆನ್ನ ಮೇಲೆ ಎರಡು ಸಲ ತಟ್ಟಿದರು, ಕಿವಿಯಿಟ್ಟು ಕೇಳಿದರು. "ಹೋಗೂವಾಗ ಹಟ ಮಾಡತೈತಿ, ಹೊಳ್ಳಿ ಬರೂವಾಗ ಸೀದಾ ಬರತೈತಿ, ಹೌದಿಲ್ರಿ?" ಅಂದರು.

"ಹೌದು," ಅಂದರು ಅಪ್ಪ.

"ಏನೂ ಆಗಿಲ್ಲ ಬಿಡ್ರಿ ರಾಯರ. ನಮ್ಮ ನೊಗದ ಎಡಗಡಿ ಎತ್ತೂ ಹಿಂಗ ಮಾಡತೈತಿ. ಇದಕ್ಕ ಮನಿ ನೆನಪು."

"ಅದಕ್ಕೇನು ಮಾಡಬೇಕು?"

"ಎತ್ತಿಗಾದ್ರ ಆಳು ಬದಲಿ ಮಾಡತೀವ್ರಿ. ಕೈ ಬದಲಾದ್ರ ಹಟ ಬಿಡತೈತಿ. ನಮ್ಮ ಗಿರಣಿ ಫಿಟರನ ತಮ್ಮ ಒಬ್ಬ ಖಾಲಿ ಅದಾನ. 'ಹೂಂ' ಅಂದ್ರ ಕಳಸ್ತೇನಿ."

ಅಪ್ಪ ಮೌಲಾಸಾಬನ ಕಡೆ ನೋಡಲಿಲ್ಲ. ಅವನು ಅಲ್ಲೇ ಗಾಲಿಯ ಮಣ್ಣು ತೆಗೆಯುತ್ತಿದ್ದ.

ನಡುವೆ ಒಂದು ಚಮತ್ಕಾರವಾಯಿತು. ಅಜ್ಜಿಯ ಪ್ರಯಾಣ ಒಂದು ಸಲ ಏಕಾದಶಿಯ ದಿನ ಬಿತ್ತು. ಸುಬ್ಬಜ್ಜಿಯ ಮನೆಯಲ್ಲಿ ಅಂದು ಪುರಾಣ. ಶಿಗ್ಗಾಂವಿಯಲ್ಲಿ ಮೌಲಾಸಾಬ ಹ್ಯಾಂಡಲ್ ತೂರಿಸಿ ಒಂದು ಸುತ್ತು ತಿರುವಿದ್ದೇ ತಡ, ಗಾಡಿ ಗುರ್ ಎಂದಿತು. ನಾನು ಎರಡು ಅನ್ನಲು ತೆರೆದ ಬಾಯಿ ತೆರೆದೇ ಇತ್ತು. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದು, "ನೋಡಿದೇನೋ ಏಕಾದಶಿ ಮಹಿಮಾ!" ಅಂದಳು. ತಿಂಗಳ ಮೇಲೆ ಮತ್ತೊಂದು ಏಕಾದಶಿಯೂ ಹಾಗೆಯೇ ಆಯಿತು. ಮೋಟಾರು ವೈಷ್ಣವವೆಂದು ಅಜ್ಜಿಗೆ ಖಾತ್ರಿಯಾಯಿತು. ಮೂತಿಗೆ ನಮ್ಮ ಹಣೆಗೆ ಹಚ್ಚುವಂತೆ ಅಂಗಾರ ಅಕ್ಷತೆ ಹಚ್ಚಿಸುವ ಮಾತೂ ಆಡಿದಳು. ಸೈನ್ಸ್ ಓದಿದ ನಾನು ನಕ್ಕೆ. ಆದರೆ ಗುಟ್ಟಾಗಿ ಪಂಚಾಂಗ ತೆಗೆದು, ಚಂದ್ರನಿಗೂ ಪೆಟ್ರೋಲಿಗೂ ಏನಾದರೂ ಸಂಬಂಧವಿದ್ದೀತೆ ಎಂದು ಒಂದು ಮಧ್ಯಾಹ್ನ ಕಳೆದೆ. ಏಕಾದಶಿಯ ದಿನ ಅಜ್ಜಿ ನೀರೂ ಕುಡಿಯುವುದಿಲ್ಲ, ಆದ್ದರಿಂದ ತಂಬಿಗೆ ತರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿಮಗೆ ಆಗಲೇ ಹೊಳೆದಿದ್ದರೆ ನೀವು ಇಂಟರಿನಲ್ಲಿ ಪಾಸಾದವರು.

ಎಲ್ಲ ಉಪಾಯ ಮುಗಿದ ಮೇಲೆ ನನಗೆ ಉಳಿದದ್ದು ಮೌಲಾಸಾಬನೊಬ್ಬನೇ. ನನ್ನ ಜ್ಞಾನ ಸೋತಿದೆಯೆಂದು ಒಪ್ಪಿಕೊಳ್ಳುವುದಕ್ಕಿಂತ ಅವನ ಕೈ ಸೋತಿದೆಯೆಂದು ಹೇಳುವುದು ಸುಲಭ. ಅಪ್ಪನ ಕಾಗದಪತ್ರಗಳ ಭಾಷೆಯಲ್ಲಿ ಒಂದು ವರದಿ ಬರೆದೆ. ಸದರಿ ವಾಹನದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಸದರಿ ಚಾಲಕನು ಟಾಂಗಾದ ರೂಢಿಯವನಾದ್ದರಿಂದ ಹ್ಯಾಂಡಲಿನ ಗತಿ ಅವನಿಗೆ ಒಗ್ಗಿಲ್ಲ. ಕಾರಣ ಬದಲಿ ಚಾಲಕನನ್ನು ನೇಮಿಸುವುದು ಯೋಗ್ಯ. ಕೆಳಗೆ ಸಹಿಯನ್ನೂ ಹಾಕಿದೆ. ಬರೆದಾಗ ಅಕ್ಷರ ಬಹಳ ಚೆನ್ನಾಗಿ ಬಂದಿತ್ತೆಂದು ಸಂತೋಷವಾಗಿದ್ದು ನೆನಪಿದೆ.

ಅಪ್ಪ ಓದಿ, ಮೌಲಾಸಾಬನನ್ನು ಕರೆದು ನೆಟ್ಟಗೆ ಹೇಳಿದರು. "ನಾಳೆ ಅವ್ವನ್ನ ಸವಣೂರಿಗೆ ಕರಕೊಂಡು ಹೋಗು. ಶಿಗ್ಗಾಂವಿಯೊಳಗ ಹತ್ತು ಸುತ್ತಿನೊಳಗ ಗಾಡಿ ಹತ್ತಿದ್ರ ನೀ ಇರು. ಹತ್ತಲಿಲ್ಲಂದ್ರ ಚನ್ನಬಸಪ್ಪನವರ ಕಡಿಯವ ಬರ್ತಾನ. ಶೀನ್ಯಾ ಎಣಸ್ತಾನ."

"ಆಗಲ್ರಿ ರಾಯರ," ಅಂದ ಮೌಲಾಸಾಬ. ಅವನ ಟಾಂಗಾದ ಕುದುರೆ ಹೋಗಿ ವರ್ಷಗಳಾಗಿದ್ದವು. ಇದೂ ಹೋದರೆ ಮರಳಿ ಹಿಡಿಯಲು ಅವನಿಗೆ ಯಾವ ಕೆಲಸವೂ ಇರಲಿಲ್ಲ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಏಕಾದಶಿಯಲ್ಲ, ಬರೀ ಸಪ್ತಮಿ. ಅಜ್ಜಿ ತುಂಬಿದ ತಂಬಿಗೆಯನ್ನು ಬಳೆಗೆ ನೇತುಹಾಕಿ ಧಾಬಳಿಯ ಮೇಲೆ ಕೂತಳು. ದಾರಿಯುದ್ದಕ್ಕೂ ಗಾಡಿ ಕೆಮ್ಮುತ್ತ, ಹಿಂದೆ ಹೊಗೆ ಬಿಡುತ್ತ ನಡೆಯಿತು. ಶಿಗ್ಗಾಂವಿಯಲ್ಲಿ ಪೆಟ್ರೋಲ್ ಹಾಕಿಸಿದ್ದಾಯಿತು. ಮೌಲಾಸಾಬ ಅಂಗೈಗೆ ಅರಿವೆ ಸುತ್ತಿಕೊಂಡು ಹ್ಯಾಂಡಲ್ ಹಿಡಿದ. ನಾನು ಪಕ್ಕದಲ್ಲಿ ನಿಂತೆ. ಐದು. ಎಂಟು. ಹತ್ತು. ಅವನು ಹತ್ತಕ್ಕೆ ಒಂದು ಸಲ ನನ್ನ ಮುಖ ನೋಡಿ ಮತ್ತೆ ಬಗ್ಗಿದ. ಹನ್ನೊಂದನ್ನು ನಾನು ಬಾಯಿಬಿಟ್ಟು ಅನ್ನಲಿಲ್ಲ. ವರದಿ ಬರೆಯುವಾಗ ಆಗದ ಸಂಕಟ, ಎಣಿಸುವಾಗ ಆಯಿತು. ಇಪ್ಪತ್ತು. ಇಪ್ಪತ್ತೆಂಟು.

ಅಜ್ಜಿಗೆ ಬಿಸಿಲಿಗೆ ಬಾಯಾರಿತು. ಇಳಿದು ಮುಂದಿನ ಬಾಗಿಲಿಗೆ ಬಂದು ತಂಬಿಗೆಯನ್ನು ಬಳೆಯಿಂದ ಎತ್ತಿದಳು. ಬಳೆ ಟಕ್ಕೆಂದು ಮೇಲೆ ಹೋಯಿತು. ಮೌಲಾಸಾಬ ತಿರುವುತ್ತಲೇ ಇದ್ದ. ಮೂರನೆಯ ಸುತ್ತಿಗೆ ಗಾಡಿ ಭುಸ್ಸೆಂದು ಒಂದು ಹೊಗೆಯ ಮುದ್ದೆ ಉಗುಳಿ ಹತ್ತಿಕೊಂಡಿತು. ಸದ್ದು ನುಣ್ಣಗಾಯಿತು. ಅಜ್ಜಿ ಎರಡು ಗುಟುಕು ಕುಡಿದು, ಫಿರಕಿ ಬಿಗಿದು, ತಂಬಿಗೆಯನ್ನು ಮತ್ತೆ ಬಳೆಗೆ ಹಾಕಿದಳು. ಬಳೆ ಕೆಳಗೆ ಜಗ್ಗಿತು. ಗಾಡಿ ಗೊರಗೊರ ಎಂದು ಕರೀ ಹೊಗೆ ಬಿಟ್ಟು ಸತ್ತುಹೋಯಿತು.

ನನ್ನಂಥವನಿಗೂ ಅದು ಕಾಣಿಸಿತು. ಬಳೆ ಕೆಳಗೆ ಜಗ್ಗಿದರೆ ಯಂತ್ರದ ಗಾಳಿಯ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬೆಳಗಿನ ತಂಪಿನಲ್ಲಿ ಹತ್ತಿಸಲು ಮಾತ್ರ ಒಂದು ಗಳಿಗೆ ಜಗ್ಗಿ ಬಿಡಬೇಕಾದ ಚೋಕ್ ಅದು. ತುಂಬಿದ ತಂಬಿಗೆ ಅದನ್ನು ಹಾನಗಲ್ಲಿನಿಂದ ಜಗ್ಗಿಕೊಂಡೇ ಬರುತ್ತಿತ್ತು. ಬಿಸಿಯಾದ ಯಂತ್ರದೊಳಗೆ ಪೆಟ್ರೋಲ್ ತುಂಬಿ ತುಳುಕುತ್ತಿತ್ತು. ಸಂಜೆಯ ತಂಪಿನಲ್ಲಿ ಅಜ್ಜಿಗೆ ನೀರು ಬೇಕಾಗದ್ದರಿಂದ ಬರುವಾಗ ತಂಬಿಗೆ ಬರಿದು, ಗಾಡಿ ಸರಳ. ಮನೆಯ ನೆನಪೂ ಇಲ್ಲ, ಮಹಿಮೆಯೂ ಇಲ್ಲ.

"ಗೊತ್ತಾತು! ಮೌಲಾಸಾಬ, ಗೊತ್ತಾತು!" ಎಂದು ನಾನು ನಡುಬೀದಿಯಲ್ಲಿ ಕುಣಿದೆ. ತಂಬಿಗೆ ತೋರಿಸಿದೆ, ಬಳೆ ತೋರಿಸಿದೆ. ಮೌಲಾಸಾಬ ಹ್ಯಾಂಡಲಿಗೆ ಆತು ನಿಂತು ಬೆವರು ಒರೆಸಿಕೊಂಡ. ಅವನ ಮುಖದಲ್ಲಿ ಆಶ್ಚರ್ಯವೇ ಇಲ್ಲ. ನನ್ನ ಕುಣಿತ ನಿಂತಿತು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಯಾವಾಗಿಂದ?"

"ಎರಡನೇ ಸಲ ಬಂದಾಗಿಂದ್ರಿ. ಅವ್ವಾರು ಬೇವಿನಗಿಡದ ಕಡೆ ನೀರು ಚೆಲ್ಲಿದ್ರಲ್ಲ, ಆವತ್ತು ಇಲ್ಲಿ ಒಂದ ಸುತ್ತಿಗೆ ಹತ್ತಿತ್ರಿ. ಕುಂತಲ್ಲಿಂದ ಬಳಿ ಕಾಣತೈತಿ. ತಿಳದ ಹೋತು."

"ಮತ್ತ ಹೇಳಬಾರದೇನೋ? ನಾನು ಪ್ಲಗ್ ಬಿಚ್ಚಿದೆ, ಸಂಡಿಗಿ ಕೆಡಿಸಿದೆ, ನಿನ್ನ ಮ್ಯಾಲೆ ವರದಿ ಬರದೆ!"

"ಹೇಳಿದ್ರ ಅವ್ವಾರು ತಂಬಿಗಿ ಮನ್ಯಾಗ ಬಿಟ್ಟು ಬರ್ತಿದ್ರು. ಬ್ಯಾರೆ ಕಡೆ ಇಡಾಕ ಅವರಿಗೆ ಜಾಗಾ ಇಲ್ಲ, ನಾ ಬಡದ ಕೊಂಡಿಗೆ ಅವರು ಮಡಿ ತಂಬಿಗಿ ಹಾಕೂದಿಲ್ಲ." ಅವನು ದನಿ ತಗ್ಗಿಸಿದ. "ಆವತ್ತು ನನ್ನ ಬೆರಳು ತಾಗಿ ನೀರು ಹೋತ್ರಿ. ಸವಣೂರ ಮಟ ಕನ್ನಡ್ಯಾಗ ಅವರ ತುಟಿ ನೋಡಿಕೋಂತ ಗಾಡಿ ಹೊಡದೇನಿ. ನಮ್ಮವ್ವನ ವಯಸ್ಸು ಅವರದು. ನನ್ನ ಸಲುವಾಗಿ ಅವರು ಇನ್ನೊಮ್ಮೆ ನೀರು ಬಿಡೂದು ಬ್ಯಾಡ ಅನಿಸ್ತು. ನನಗೇನ್ರಿ, ಮೂವತ್ತು ಸುತ್ತು ತಿರುವಿದ್ರ ಮುಗೀತು."

"ಕೆಲಸ ಹೋಗ್ತಿತ್ತಲ್ಲೋ."

"ಅದಕ್ಕ ಜ್ವಾರ್‌ಲೆ ತಿರುವಾಕತ್ತಿದ್ದೆ," ಅಂದು ನಕ್ಕ. ನನಗೆ ನಗು ಬರಲಿಲ್ಲ.

ಅಜ್ಜಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿದ್ದಳು. ತಂಬಿಗೆಯನ್ನು ಬಳೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಾ ನಿನ್ನ ಮ್ಯಾಲೆ ದೂರು ಹೇಳಿದ್ದೆ," ಅಂದಳು. ಮೌಲಾಸಾಬ ನೆಲ ನೋಡಿದ.

"ಕೈ ಮುಂದ ಮಾಡು," ಅಂದಳು.

ಅವನಿಗೆ ತಿಳಿಯಲಿಲ್ಲ. ಅಜ್ಜಿ ಫಿರಕಿ ಬಿಚ್ಚತೊಡಗಿದಾಗ ತಿಳಿಯಿತು. "ಬ್ಯಾಡ್ರಿ ಅವ್ವಾರ, ದಾರಿ ಇನ್ನೂ ಬಾಳ ಐತಿ, ನಿಮಗ ಬೇಕಾಗತೈತಿ."

"ಮಾಡು ಅಂದೆ."

ಅವನು ಕುಕ್ಕರುಗಾಲಲ್ಲಿ ಕೂತು ಬೊಗಸೆಯೊಡ್ಡಿದ. ಅಜ್ಜಿ ಮೇಲಿನಿಂದ ಎರೆದಳು. ಅಜ್ಜಿಯ ಮಡಿಯೊಳಗೆ ಅಷ್ಟಕ್ಕೆ ಜಾಗವಿತ್ತು. ಅದಕ್ಕಿಂತ ಹೆಚ್ಚಿಗಿರಲಿಲ್ಲ. ಅವನು ಕುಡಿದ. ಸಾಕೆಂದು ತಲೆಯಲ್ಲಾಡಿಸಿದರೂ ಅಜ್ಜಿ ನಿಲ್ಲಿಸಲಿಲ್ಲ. ಹ್ಯಾಂಡಲ್ ಹಿಡಿದು ಬೊಬ್ಬೆಯೆದ್ದ ಅಂಗೈಗಳ ಮೇಲೆ, ಮಣಿಕಟ್ಟಿನ ಮೇಲೆ, ತಂಬಿಗೆ ತಲೆಕೆಳಗಾಗುವವರೆಗೆ ಸುರಿದಳು. ನನಗೆ ಕಣ್ಣು ತುಂಬಿ ಬಂತು. ಪೆಟ್ರೋಲಿನ ಹೊಗೆಯೆಂದು ಒರೆಸಿಕೊಂಡೆ.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಸಂಜೆ ಅಪ್ಪ ಎಷ್ಟು ಸುತ್ತು ಎಂದು ನನ್ನನ್ನು ಕೇಳುವ ಮೊದಲೇ ಅಜ್ಜಿ, "ಅವನ್ನೇನು ಕೇಳ್ತಿ, ನನ್ನ ಕೇಳು. ತಪ್ಪು ನಂದು. ಮೌಲಾನ್ನ ಬಿಡಿಸಿದ್ರ ನಾನೂ ಆ ಗಾಡಿ ಹತ್ತೂದಿಲ್ಲ," ಅಂದಳು. ಎಂಥೆಂಥ ಸಾಕ್ಷಿಗಳನ್ನೋ ಕಂಡಿದ್ದ ಅಪ್ಪ ಪಾಟೀಸವಾಲಿನ ಗೋಜಿಗೆ ಹೋಗಲಿಲ್ಲ. ನನ್ನ ವರದಿಯನ್ನು ಅವ್ವ ನೀರೊಲೆಗೆ ಹಾಕಿದಳು. ಮೌಲಾಸಾಬ ಕಮ್ಮಾರನಿಂದ ಒಂದು ಕೊಂಡಿ ಮಾಡಿಸಿ ತಂದು ಹೊದಿಕೆಯ ಕಂಬಿಗೆ ಬಡಿದ. ಅಜ್ಜಿ ಬದಲಾದಳೆಂದು ತಿಳಿಯಬೇಡಿ. ಆ ಕೊಂಡಿಯನ್ನು ಮೂರು ಸಲ ತೊಳೆದಳು. "ಇನ್ನೊಮ್ಮೆ ತೊಳೀರಿ ಅವ್ವಾರ, ನಾ ಬಡದಿದ್ದದು," ಅಂದ ಮೌಲಾಸಾಬ, ಮುಖದಲ್ಲಿ ನಗೆಯಿಲ್ಲದೆ. ಅಜ್ಜಿ ಅವನನ್ನು ಒಮ್ಮೆ ದುರುಗುಟ್ಟಿ ನೋಡಿ, ನಾಲ್ಕನೆಯ ಸಲ ತೊಳೆದಳು.

ಆದರೆ ನನಗೆ ಹೇಳಬೇಕೆನಿಸುವುದು ಆ ದಿನದ ಉಳಿದ ದಾರಿಯ ಮಾತು. ಶಿಗ್ಗಾಂವಿಯಿಂದ ಒಂದೇ ಸುತ್ತಿಗೆ ಹೊರಟೆವು. ನೆತ್ತಿಯ ಮೇಲೆ ಬಿಸಿಲು, ಎರಡೂ ಕಡೆ ಕಾದ ಎರೆಹೊಲ. ಅಜ್ಜಿ ಸೆರಗಿನಿಂದ ತುಟಿ ಒತ್ತಿಕೊಂಡು ಕೂತಿದ್ದಳು. ನಾನು ತಡೆಯಲಾರದೆ, "ಅಜ್ಜಿ, ನೀರಡಿಕಿ ಆಗೇದೇನು?" ಎಂದು ಕೇಳಿದೆ.

"ಆಗೇದ," ಅಂದಳು. "ಸುಮ್ಮನ ಕೂಡು."

ಮುಂದಿದ್ದ ಮೌಲಾಸಾಬನಿಗೆ ಅದು ಕೇಳಿಸಿತು. ಗಾಡಿಯ ಓಟ ಒಮ್ಮೆಲೇ ಹೆಚ್ಚಿತು. ತಗ್ಗು ದಿನ್ನೆ ಎನ್ನದೆ ಹಾರತೊಡಗಿತು. ಮಣೆ ಕುಣಿಯಿತು, ಅಜ್ಜಿ ಹೊದಿಕೆಯ ಕಂಬಿ ಹಿಡಿದುಕೊಂಡಳು.

"ಮೌಲಾ, ಸಾವಕಾಶ ಹೊಡಿ," ಅಂದಳು. "ನನಗೇನೂ ಅವಸರ ಇಲ್ಲ."

"ಹೂಂ ರಿ ಅವ್ವಾರ," ಅಂದ ಮೌಲಾಸಾಬ. ನಮ್ಮ ಮನೆಗೆ ಬಂದಮೇಲೆ ಅವನು ಅಜ್ಜಿಯ ಮಾತು ಮೀರಿದ್ದು ಅದೊಂದೇ ಸಲ. ಸವಣೂರಿನಲ್ಲಿ ಸುಬ್ಬಜ್ಜಿಯ ಮನೆಯ ಬಾವಿಯ ಮುಂದೆಯೇ ಹೋಗಿ ಗಾಡಿ ನಿಲ್ಲಿಸಿದ.